ಎರಡು ಗಂಟೆಯ ಕಾಫಿ

ಕೋಸ್ಕಿಲಾಹ್ತಿಯ ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡು ಹೊಡೆಯಿತೆಂದರೆ ಕಾಫಿ. ಹೊರಗೆ ಹಿಮ ಸುರಿಯುತ್ತಿರಲಿ, ಮಂತ್ರಿಯೇ ಬಂದು ಬಾಗಿಲಲ್ಲಿ ನಿಂತಿರಲಿ, ರಕ್ತ ತೆಗೆಯುವ ಕೋಣೆಯ ಐದು ಜನ ಹೆಂಗಸರು ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಕಾರಿಡಾರಿನ ಕೊನೆಯ ಪುಟ್ಟ ಕೋಣೆಗೆ ಹೋಗಿ ಕೂರುತ್ತಿದ್ದರು. ಗೋಡೆಯ ಕೊಕ್ಕೆಗಳಲ್ಲಿ ಐದು ಲೋಟ, ಮೇಜಿನ ಮೇಲೆ ಏಲಕ್ಕಿ ಬನ್ನು. ಕಾರ್ಮಿಕ ಸಂಘದ ಕರಾರಿನಲ್ಲಿ ಬರೆದಿದ್ದದ್ದು ಹತ್ತೇ ನಿಮಿಷ. ಆದರೆ ಮಾತು ಹತ್ತು ನಿಮಿಷಕ್ಕೆ ಮುಗಿಯುವಂಥದಲ್ಲವಲ್ಲ. ಯಾರಾದರೂ ಕಾಫಿಗೆ ಕೂರದೆ ಕೆಲಸ ಮುಂದುವರಿಸಿದರೆ ಅವಳನ್ನು ಶ್ರದ್ಧೆಯವಳು ಎಂದು ಯಾರೂ ಹೊಗಳುತ್ತಿರಲಿಲ್ಲ. ಉಳಿದ ನಾಲ್ವರ ಬಿಡುವಿಗೆ ಕಲ್ಲು ಹಾಕಿದವಳು ಎನ್ನುತ್ತಿದ್ದರು.

"ಏಳು ಇರ್ಮೆಲಿ, ಟ್ಯೂಬುಗಳಿಗೇನು ಕಾಲು ಬಂದು ಓಡಿಹೋಗಲ್ಲ," ಎನ್ನುತ್ತಿದ್ದಳು ಮಾರೆತ್. ಅವಳು ಆ ವಿಭಾಗದ ಕಾರ್ಮಿಕ ಸಂಘದ ಪ್ರತಿನಿಧಿ. ಇರ್ಮೆಲಿ ಏಳುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಹಾಗೇ ಏಳುತ್ತಾ ಬಂದಿದ್ದಳು.

ಎಂಟು ವರ್ಷದ ಹಿಂದೆ ಸ್ಯಾಂಪಲ್ ಬ್ಯಾಂಕು ಬಂದಾಗಲೂ ಆ ಪದ್ಧತಿ ಬದಲಾಗಲಿಲ್ಲ. ಸಂಧಿವಾತದ ರೋಗಿಗಳು ಒಪ್ಪಿ ಸಹಿ ಹಾಕಿದರೆ ಎರಡು ಟ್ಯೂಬು ರಕ್ತ ಹೆಚ್ಚಿಗೆ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಿಳಿಯನ್ನು ಬೇರೆ ಮಾಡಿ ಫ್ರೀಜರಿನಲ್ಲಿಡುವುದು. ಅಲ್ಲಿಂದ ಅದು ಐದು ದೇಶಗಳ ಒಂಬತ್ತು ಪ್ರಯೋಗಾಲಯಗಳಿಗೆ ಹೋಗುತ್ತಿತ್ತು. ಒಬ್ಬರು ವಂಶವಾಹಿ ಓದುವವರು, ಇನ್ನೊಬ್ಬರು ಪ್ರೋಟೀನು ಎಣಿಸುವವರು, ಮತ್ತೊಬ್ಬರು ಸಕ್ಕರೆ, ಆಮ್ಲಗಳಂಥ ಸಣ್ಣ ಸಣ್ಣ ಪದಾರ್ಥಗಳನ್ನು ಅಳೆಯುವವರು. ಎಲ್ಲರ ಅಂಕಿಗಳೂ ಕೊನೆಗೆ ಒಂದೇ ಭಂಡಾರಕ್ಕೆ ಬಂದು ಬೀಳುತ್ತಿದ್ದವು. ಒಂಬತ್ತು ಕಡೆಯವರಲ್ಲಿ ಯಾರು ಬೇಕಾದರೂ ತೆಗೆದು ಬಳಸಬಹುದು. ಹಾಗೆ ಬಳಸಿ ಬಳಸಿ ಅವರು ಒಂದು ಪರೀಕ್ಷೆ ಕಂಡುಹಿಡಿದಿದ್ದರು. ಸಂಧಿವಾತಕ್ಕೆ ಬಂದಿರುವ ದುಬಾರಿ ಹೊಸ ಚುಚ್ಚುಮದ್ದು ಯಾರಿಗೆ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂದು ರಕ್ತ ನೋಡಿಯೇ ಅಂಕ ಕೊಡುವ ಪರೀಕ್ಷೆ. ನೂರಕ್ಕೆ ನಲವತ್ತು ದಾಟಿದವರಿಗೆ ಚುಚ್ಚುಮದ್ದು. ದಾಟದವರಿಗೆ ಅದೇ ಹಳೆಯ ಮಾತ್ರೆ.

ಬ್ಯಾಂಕಿಗಾಗಲಿ ಈ ಪರೀಕ್ಷೆಗಾಗಲಿ, ರಕ್ತ ತೆಗೆದ ಮೂವತ್ತು ನಿಮಿಷದೊಳಗೆ ತಿರುಗಿಸಿ ಫ್ರೀಜರಿಗೆ ಹಾಕಬೇಕೆಂಬುದು ನಿಯಮ. ಎಷ್ಟು ನಿಮಿಷವಾಯಿತೆಂದು ಕಂಪ್ಯೂಟರಿನಲ್ಲಿ ಬರೆಯಬೇಕು. ಮೂವತ್ತಕ್ಕಿಂತ ಹೆಚ್ಚು ಬರೆದರೆ ಪರದೆಯ ಮೇಲೆ ಕೆಂಪು ಚೌಕ ತೆರೆದುಕೊಂಡು ಕಾರಣ ಕೇಳುತ್ತಿತ್ತು, ಇಬ್ಬರ ಸಹಿ ಕೇಳುತ್ತಿತ್ತು. ಮೊದಲ ವಾರದಲ್ಲೇ ಯಾರೋ ಬೇಸತ್ತು ಇಪ್ಪತ್ತೈದು ಎಂದು ಒತ್ತಿದರು. ಕೆಂಪು ಚೌಕ ಬರಲಿಲ್ಲ. ಆಮೇಲೆ ಎಲ್ಲರ ಬೆರಳಿಗೂ ಇಪ್ಪತ್ತೈದೇ ರೂಢಿಯಾಗಿಬಿಟ್ಟಿತು.

ಏಪ್ರಿಲಿನ ಒಂದು ಶನಿವಾರ ಇರ್ಮೆಲಿಯ ತಂಗಿ ಸೈಮಿ ಹೇಳದೆ ಕೇಳದೆ ಬಂದಳು. ಅವಳಿದ್ದದ್ದು ತೊಂಬತ್ತಾರು ಕಿಲೋಮೀಟರು ಆಚೆಯ ಹೊಂಕಲಂಪಿಯಲ್ಲಿ. ಅಲ್ಲಿನ ಶಾಲೆ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಊರಿನ ಮಕ್ಕಳನ್ನು ದಿನವೂ ನಲವತ್ತು ಕಿಲೋಮೀಟರು ದೂರದ ಶಾಲೆಗೆ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ ಬರುವುದು ಸೈಮಿಯ ಕೆಲಸ. ಬೂಟು ಬಿಚ್ಚದೆ ಸೀದಾ ಅಡುಗೆಮನೆಗೆ ಬಂದವಳನ್ನು ನೋಡಿ ಇರ್ಮೆಲಿ ಬೈಯಲು ಬಾಯಿ ತೆರೆದಳು. ಬೂಟಿನ ಲೇಸು ಬಿಚ್ಚುವುದಕ್ಕೆ ತಂಗಿಯ ಬೆರಳು ಬಾಗುತ್ತಿಲ್ಲವೆಂದು ಮರುಕ್ಷಣ ಕಂಡಿತು. ಸುಮ್ಮನೆ ಮೊಣಕಾಲೂರಿ ತಾನೇ ಬಿಚ್ಚತೊಡಗಿದಳು.

"ಮೂವತ್ತೊಂದು," ಎಂದಳು ಸೈಮಿ ಮೇಲಿನಿಂದ.

"ಏನು ಮೂವತ್ತೊಂದು?"

"ಅಂಕ ಕಣೇ. ಶಾಲೇಲೂ ಗಣಿತದಲ್ಲಿ ನನಗೆ ಅಷ್ಟೇ ಬರ್ತಿತ್ತು. ಆಗಲೂ ಪಾಠ ಹೇಳ್ಕೊಟ್ಟವಳು ನೀನೇ."

ಪತ್ರವನ್ನು ಮೇಜಿನ ಮೇಲೆ ಹರಡಿದಳು. ಚುಚ್ಚುಮದ್ದು ಇಲ್ಲ. ಎರಡು ವರ್ಷ ಮರುಪರೀಕ್ಷೆಯೂ ಇಲ್ಲ.

"ಇದನ್ನ ಓದು, ಇಲ್ಲಿ. ‘ಈ ನಿರ್ಧಾರವನ್ನು ನಿಮ್ಮ ದೇಹಕ್ಕೆಂದೇ ಲೆಕ್ಕ ಹಾಕಲಾಗಿದೆ.’ ನನ್ನ ದೇಹಕ್ಕೆಂದೇ! ಐವತ್ತೆರಡು ವರ್ಷಕ್ಕೆ ನನಗೆಂದೇ ಅಂತ ಯಾರಾದರೂ ಏನಾದರೂ ಮಾಡಿದಾರೆ ಅಂದ್ರೆ ಇದೇ ಮೊದಲು. ನನ್ನ ಗಂಡನಂತೂ ಮಾಡಲಿಲ್ಲ."

ಇರ್ಮೆಲಿ ನಗಲಿಲ್ಲ. "ಟ್ಯಾಕ್ಸಿ ಕಥೆ ಏನು?"

"ಜುಲೈ ಮುಗಿಯೋದರೊಳಗೆ ಡಾಕ್ಟರ ಚೀಟಿ ಕೊಡ್ಬೇಕು, ಸ್ಟಿಯರಿಂಗ್ ಹಿಡಿಯೋಷ್ಟು ಕೈಲಿ ಬಲ ಇದೆ ಅಂತ. ಇಲ್ದಿದ್ರೆ ಆಗಸ್ಟಿಂದ ಕೆಲಸ ಆ ಇನ್ನೊಬ್ಬ ಡ್ರೈವರ್ ಕುನ್ನಾಸ್‌ಗೆ ಹೋಗತ್ತೆ. ಅವನಾಗಲೇ ಬಂದು ಸೀಟು ತಗ್ಗಿಸಿ ಕೂತು ನೋಡ್ಕೊಂಡು ಹೋದ." ಸೈಮಿ ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಎತ್ತಿದಳು. "ಚುಚ್ಚುಮದ್ದು ಸಿಕ್ಕಿದ್ರೆ ಎಂಟು ವಾರಕ್ಕೆ ಬೆರಳಿನ ಬಿಗಿ ಬಿಡುತ್ತಂತೆ. ಪಕ್ಕದೂರಿನ ಪೋಸ್ಟ್ ಹಂಚೋನಿಗೆ ಬಿಟ್ಟಿದೆ. ಅವನು ಹಾಳು ಮನುಷ್ಯ, ಅವನಿಗೇ ಹಿಡೀತು, ನನಗೆ ಹಿಡಿಯಲ್ವಂತೆ."

ಅದಾದ ಹತ್ತು ದಿನಕ್ಕೆ ಒಂಬತ್ತು ಪ್ರಯೋಗಾಲಯಗಳಲ್ಲಿ ಒಂದಾದ ಉಟ್ರೆಕ್ಟಿನಿಂದ ಅತಿಥಿಗಳು ಬಂದರು. ಬ್ಯಾಂಕಿನ ಮುಖ್ಯಸ್ಥ ವೆರ್ನೆರಿ ಅವರೆದುರು ಭಾಷಣ ಮಾಡುವಾಗ, ರಕ್ತ ತೆಗೆಯುವವರೂ ಬಂದು ಕೇಳಲಿ, ಇದು ಎಲ್ಲರ ದುಡಿಮೆ ಎಂದು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದ. ಕೆಟ್ಟವನಲ್ಲ ಅವನು. ನಲವತ್ತರ ಗಂಡಸು, ಯಾರ ಹುಟ್ಟುಹಬ್ಬವಿದ್ದರೂ ಕೈಯಿಂದ ಖರ್ಚು ಮಾಡಿ ಕೇಕು ತರುವವನು.

ಪರದೆಯ ಮೇಲೆ ಜಿಲ್ಲೆಯ ನಕ್ಷೆ. ಒಬ್ಬೊಬ್ಬ ರೋಗಿಗೂ ಒಂದೊಂದು ಚುಕ್ಕೆ. ಮದ್ದು ಹಿಡಿಯುವವರು ನೀಲಿ, ಹಿಡಿಯದವರು ಕೆಂಪು. ಪಟ್ಟಣವೆಲ್ಲ ನೀಲಿಯಾಗಿತ್ತು, ಪೂರ್ವದ ಗಡಿಯ ಕಡೆ ಹೋದ ಹಾಗೆಲ್ಲ ಕೆಂಪು.

"ಈ ಹಳ್ಳಿಗಳ ಜನ ಮುನ್ನೂರು ವರ್ಷ ಕಾಡಿನೊಳಗೆ, ತಮ್ಮತಮ್ಮಲ್ಲೇ ಮದುವೆಯಾಗಿ ಬದುಕಿದವರು," ಎಂದ ವೆರ್ನೆರಿ. ಅವನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. "ಇವರ ರಕ್ತದ ರಸಾಯನವೇ ಬೇರೆ. ಸಕ್ಕರೆ ಕಡಿಮೆ, ಲ್ಯಾಕ್ಟಿಕ್ ಆಮ್ಲ ಜಾಸ್ತಿ. ಇದಕ್ಕೆ ಕಾರಣವಾದ ವಂಶವಾಹಿ ಇನ್ನೂ ಸಿಕ್ಕಿಲ್ಲ. ಹುಡುಕ್ತಾ ಇದೀವಿ."

ಅತಿಥಿಗಳು ಚಪ್ಪಾಳೆ ತಟ್ಟಿದರು. ಇರ್ಮೆಲಿಯ ಕೈ ತೊಡೆಯ ಮೇಲೆಯೇ ಉಳಿಯಿತು.

ಸಕ್ಕರೆ ಕಡಿಮೆ, ಆಮ್ಲ ಜಾಸ್ತಿ. ಟ್ಯೂಬಿನಲ್ಲಿ ನಿಂತ ರಕ್ತ ಸುಮ್ಮನಿರುವುದಿಲ್ಲ, ಅದಕ್ಕಿನ್ನೂ ಜೀವವಿರುತ್ತದೆ. ತನ್ನಲ್ಲಿರುವ ಸಕ್ಕರೆಯನ್ನು ತಾನೇ ತಿನ್ನುತ್ತಾ, ಆಮ್ಲ ಬಿಡುತ್ತಾ ಕೂತಿರುತ್ತದೆ. ಅವಳು ಓದಿದ ಕಾಲದಲ್ಲಿ ಅದು ಮೊದಲ ವರ್ಷದ ಪಾಠವಾಗಿತ್ತು. ಡಾಕ್ಟರೇಟ್ ಮಾಡಿದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅವರ ಮುಂದಿದ್ದ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಇಪ್ಪತ್ತೈದು ನಿಮಿಷ ಎಂದಿತ್ತಲ್ಲ.

ಅವಳು ಕೆಂಪು ಚುಕ್ಕೆಗಳ ಊರಿನ ಹೆಸರುಗಳನ್ನು ಒಂದೊಂದಾಗಿ ಓದಿದಳು. ಇದೇ ಹೆಸರುಗಳನ್ನು ಇದೇ ಸಾಲಿನಲ್ಲಿ ಬೇರೆಲ್ಲೋ ಓದಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಆಮೇಲೆ ಹೊಳೆಯಿತು. ಬಸ್ ನಿಲ್ದಾಣದ ಫಲಕದಲ್ಲಿ. ಗಡಿಯ ಹಳ್ಳಿಗಳಿಗೆ ದಿನಕ್ಕಿರುವುದು ಒಂದೇ ಬಸ್ಸು. ಅದು ಆಸ್ಪತ್ರೆಯ ಮುಂದೆ ನಿಲ್ಲುವುದು ಮಧ್ಯಾಹ್ನ ಒಂದು ಇಪ್ಪತ್ತೈದಕ್ಕೆ. ಆ ಬಸ್ಸಿನವರು ಕೋಟು ಕಳಚಿ, ಚೀಟಿ ತೆಗೆದುಕೊಂಡು, ತೋಳು ಚಾಚುವ ಹೊತ್ತಿಗೆ ಎರಡಕ್ಕೆ ಹತ್ತು ನಿಮಿಷ. ಆಮೇಲೆ ಕಾಫಿ. ಕಾಫಿ ಮುಗಿಸಿ ಬಂದರೆ ಯಂತ್ರದಲ್ಲಿ ವಾರ್ಡಿನ ತುರ್ತು ಟ್ಯೂಬುಗಳು. ಬ್ಯಾಂಕಿನ ಟ್ಯೂಬುಗಳ ಸರದಿ ಬರುವುದು ಮೂರಕ್ಕೆ.

ಮೊದಮೊದಲು ಮದ್ದು ಪಡೆದ ಆ ಹಳ್ಳಿಗಳ ಜನಕ್ಕೆ ಅದು ಹಿಡಿಯದ್ದೂ ನಿಜವೇ ಇರಬೇಕು. ಕಾಯಿಲೆ ಬಲಿತ ಮೇಲೆ ಬರುವವರು, ಚಳಿಗಾಲದಲ್ಲಿ ಬಸ್ಸು ನಿಂತರೆ ಚುಚ್ಚುಮದ್ದಿನ ದಿನ ತಪ್ಪಿಸುವವರು ಅವರೇ ತಾನೆ. ನಿಂತು ಕೆಟ್ಟ ರಕ್ತವನ್ನೇ ಮದ್ದು ಹಿಡಿಯದ ಗುರುತೆಂದು ತಿಳಿದು, ಬಸ್ಸನ್ನೂ ಕಾಫಿಯನ್ನೂ ಒಟ್ಟು ಸೇರಿಸಿ ಒಂಬತ್ತು ಪ್ರಯೋಗಾಲಯದವರು ಅದಕ್ಕೆ ಮುನ್ನೂರು ವರ್ಷದ ವಂಶದ ಕಥೆ ಕಟ್ಟಿದ್ದರು. ಆ ಕಥೆಯ ಪ್ರಕಾರ ಈಗ ಹೊಸಬರ ಹಣೆಬರಹ ಬರೆಯುತ್ತಿದ್ದರು. ಸೈಮಿಯ ರಕ್ತವೂ ಆ ಬಸ್ಸಿನಲ್ಲೇ ಬಂದಿತ್ತು.

ಮುಂದಿನ ಭಾನುವಾರ ಅವಳು ತಂಗಿಯನ್ನು ಕರೆಸಿಕೊಂಡಳು. "ಬೆಳಿಗ್ಗೆ ಇನ್ನೊಂದು ಸಲ ರಕ್ತ ನೋಡೋಣ," ಎಂದಷ್ಟೇ ಹೇಳಿದ್ದಳು. ಸಂಜೆ ಆವಿಸ್ನಾನಕ್ಕೆ ಸೌನಾ ಕಾಯಿಸಿದಳು. ಬಿಸಿ ಕಲ್ಲಿನ ಮೇಲೆ ನೀರು ಚೆಲ್ಲುವ ಸೌಟನ್ನು ಸೈಮಿ ಹಿಡಿಯಲಾರಳು. ಮೇಲಿನ ಹಲಗೆಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು.

"ಇನ್ನೊಂದು ಸೌಟು ಹಾಕು. ಜಿಪುಣಿ ನೀನು, ಅಮ್ಮನ ಹಾಗೇ." ಆವಿ ಇಳಿದ ಮೇಲೆ ಕೇಳಿದಳು, "ಬೆಳಿಗ್ಗೆ ರಕ್ತಕ್ಕೂ ಮಧ್ಯಾಹ್ನದ ರಕ್ತಕ್ಕೂ ಏನೇ ವ್ಯತ್ಯಾಸ?"

ಹೇಳುವುದಿದ್ದರೆ ಅದೇ ಗಳಿಗೆ. ಆ ಕತ್ತಲೆಯಲ್ಲಿ ಮುಖ ಕಾಣುತ್ತಿರಲಿಲ್ಲ, ಸೌನಾದಲ್ಲಿ ಆಡಿದ ಮಾತಿಗೆ ಯಾರೂ ಸಿಟ್ಟಾಗುವುದಿಲ್ಲ. ಇರ್ಮೆಲಿ ಕಲ್ಲಿನ ಮೇಲೆ ಮತ್ತೊಂದು ಸೌಟು ನೀರು ಹಾಕಿದಳು. "ಇರುತ್ತೆ," ಎಂದಳು.

ಸೋಮವಾರ ಏಳು ನಲವತ್ತಕ್ಕೆ ತಂಗಿಯ ತೋಳಿನಿಂದ ರಕ್ತ ತೆಗೆದು, ಸೀದಾ ಯಂತ್ರಕ್ಕೆ ಹಾಕಿ, ಫ್ರೀಜರಿನಲ್ಲಿಟ್ಟು ಗಡಿಯಾರ ನೋಡಿದಳು. ಹದಿನೆಂಟು ನಿಮಿಷ. ಹದಿನೆಂಟು ಎಂದೇ ಬರೆದಳು. ಆದರೆ ಎರಡು ವರ್ಷದೊಳಗೆ ಮರುಪರೀಕ್ಷೆ ಮಾಡುವುದಕ್ಕೆ ಕಂಪ್ಯೂಟರು ಕಾರಣ ಕೇಳಿತು. ಅದಕ್ಕೊಂದು ಸುಳ್ಳು ಬೇಕಾಯಿತು. ‘ಮೊದಲ ಸ್ಯಾಂಪಲ್ ಹೆಪ್ಪುಗಟ್ಟಿ ಹಾಳಾಗಿದೆ’ ಎಂದು ಬರೆದಳು.

ಮೂರು ವಾರಕ್ಕೆ ಉತ್ತರ ಬಂತು. ಅರವತ್ತೇಳು.

ಅವಳು ಎರಡೂ ಕಾಗದಗಳನ್ನು ವೆರ್ನೆರಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಎಲ್ಲವನ್ನೂ ಹೇಳಿದಳು. ಅವನು ಎರಡೂ ಅಂಕಗಳ ಮೇಲೆ ಬೆರಳಿಟ್ಟು ನೋಡಿದ.

"ಕಾಫಿ?" ಎಂದ.

"ಕಾಫಿ."

"ಎಷ್ಟು ಹೊತ್ತು ನಿಂತಿರ್ತಿತ್ತು?"

"ಒಂದು ಗಂಟೆ. ಯಾರದಾದ್ರೂ ಹುಟ್ಟುಹಬ್ಬ ಇದ್ರೆ ಇನ್ನೂ ಜಾಸ್ತಿ."

ವೆರ್ನೆರಿ ಕಣ್ಣು ಮುಚ್ಚಿದ. ಆ ಕೇಕುಗಳು ನೆನಪಾದವೇನೋ. "ನಾಲ್ಕು ಸಾವಿರದ ಇನ್ನೂರು ಜನರ ರಕ್ತ ಇರ್ಮೆಲಿ. ಒಂಬತ್ತು ಲ್ಯಾಬು. ಅದರ ಮೇಲೆ ಎಷ್ಟು ಜನ ಡಾಕ್ಟರೇಟ್ ತಗೊಂಡಿದಾರೆ ಗೊತ್ತಾ ನಿನಗೆ?"

"ನನಗೆ ಗೊತ್ತಿರೋದು ಹತ್ತು ಬೆರಳು. ಜುಲೈ ಮುಗಿಯೋದರೊಳಗೆ ಅದು ಬಿಡಬೇಕು. ಈಗ ಮದ್ದು ಶುರು ಮಾಡಿದ್ರೆ ಬಿಡುತ್ತೆ."

"ನೋಡ್ತೀನಿ," ಎಂದ ವೆರ್ನೆರಿ. "ಎಲ್ಲಾ ಬರೆದು ಕೊಡು. ಸಮಿತಿ ಮುಂದೆ ಇಡ್ತೀನಿ. ಮುಚ್ಚಿಡಲ್ಲ, ಮಾತು ಕೊಡ್ತೀನಿ."

ಅವನು ಮುಚ್ಚಿಡಲಿಲ್ಲ, ಅಷ್ಟನ್ನು ಹೇಳಲೇಬೇಕು. ಇರ್ಮೆಲಿ ಎರಡು ಪುಟ ಬರೆದುಕೊಟ್ಟಳು. ಮೂರನೆಯ ದಿನ ಕಾಫಿ ಕೋಣೆಗೆ ಹೋದಾಗ ನಾಲ್ವರೂ ಆಗಲೇ ಕೂತಿದ್ದರು. ಅವಳ ಲೋಟ ಕೊಕ್ಕೆಯಲ್ಲೇ ಇತ್ತು. ಅವಳ ಕುರ್ಚಿಯ ಮೇಲೆ ಮಾರೆತಳ ಕೈಚೀಲವಿತ್ತು.

"ನಿನ್ನ ಕಾಗದ ಓದಿದೆ," ಎಂದಳು ಮಾರೆತ್. "ಸಂಘದ ಪ್ರತಿನಿಧಿ ಅಂತ ನನಗೂ ಒಂದು ಪ್ರತಿ ಕಳಿಸಿದ್ರು. ‘ಸಿಬ್ಬಂದಿ ಕಾಫಿಗೆ ಹೋಗುತ್ತಿದ್ದರು, ಸಿಬ್ಬಂದಿ ಇಪ್ಪತ್ತೈದು ಎಂದು ಬರೆಯುತ್ತಿದ್ದರು.’ ಯಾರೇ ಅದು ಸಿಬ್ಬಂದಿ? ನೀನು ಯಾರು, ಕಿಟಕಿ ಒರೆಸೋಳಾ?"

"ನಾನೂ ಇದ್ದೆ."

"ಇದ್ದದ್ದು ಮಾತ್ರ ಅಲ್ಲ, ಎರಡೆರಡು ಬನ್ ತಿಂದೆ. ನಮ್ಮನ್ನ ಹಿಡ್ಕೊಟ್ಟು ನೀನು ಪಕ್ಕದಲ್ಲಿ ನಿಂತ್ಕೊಂಡೆ ನೋಡು."

ಮಾರೆತ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇರ್ಮೆಲಿ ಲೋಟ ತೆಗೆದುಕೊಳ್ಳದೆ ವಾಪಸು ಹೋಗಿ ಯಂತ್ರದ ಪಕ್ಕ ನಿಂತಳು.

ಸಮಿತಿ ಸೇರಿದ್ದು ಜೂನಿನಲ್ಲಿ, ನಡುಬೇಸಿಗೆ ಹಬ್ಬಕ್ಕೆ ಮೂರು ದಿನ ಮುಂಚೆ. ಹಬ್ಬ ಮುಗಿದರೆ ಊರಿಗೆ ಊರೇ ರಜೆಗೆಂದು ಕೆರೆಯ ದಡದ ಗುಡಿಸಲುಗಳಿಗೆ ಹೋಗಿಬಿಡುತ್ತದೆ, ಜುಲೈ ಪೂರ್ತಿ ಯಾವ ಕಾಗದವೂ ಕದಲುವುದಿಲ್ಲ. ಆದ್ದರಿಂದ ಎಲ್ಲರಿಗೂ ಮುಗಿಸುವ ಅವಸರ. ಒಂಬತ್ತೂ ಕಡೆಯವರು ಪರದೆಯ ಮೇಲೆ ಬಂದು ಕೂತು, ಪೂರ್ತಿ ಒಂದು ದಿನ ಮಾತಾಡಿ, ಒಂದೂವರೆ ಪುಟದ ನಿರ್ಣಯ ಬರೆದರು.

ಎಲ್ಲರೂ ಹಂಚಿಕೊಂಡು ಬಳಸುವ ಭಂಡಾರದ ಗುಣಮಟ್ಟ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಇನ್ನು ಮುಂದೆ ಮಧ್ಯಾಹ್ನದ ಬಸ್ಸಿನಲ್ಲಿ ಬರುವವರ ರಕ್ತವನ್ನು ಬ್ಯಾಂಕಿಗೆ ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಇರುವ ಅವರ ಸ್ಯಾಂಪಲ್ಲುಗಳಿಗೆ ಒಂದು ಟಿಪ್ಪಣಿ ಅಂಟಿಸಲಾಗುವುದು. ಅವರಿಗೆ ಕೊಟ್ಟ ಅಂಕಗಳು ಅನ್ವಯಿಸುವುದಿಲ್ಲ. ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂದು ತಜ್ಞ ವೈದ್ಯರೇ ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸುವರು. ಇಪ್ಪತ್ತೈದರ ವಿಷಯದಲ್ಲಿ ಯಾರ ಮೇಲೂ ಕ್ರಮವಿಲ್ಲ, ಏಕೆಂದರೆ ಅದು ಇಡೀ ಕೋಣೆಯ ರೂಢಿ. ಕಾಫಿಯ ಸಮಯ ಸಂಘದ ಕರಾರಿಗೆ ಸೇರಿದ್ದು, ಸಮಿತಿಯ ಅಧಿಕಾರಕ್ಕೆ ಬರುವುದಿಲ್ಲ. ಮೇ ತಿಂಗಳಲ್ಲಿ ಸುಳ್ಳು ಕಾರಣ ಬರೆದು, ರಕ್ತಸಂಬಂಧಿಯೊಬ್ಬರ ಸ್ಯಾಂಪಲ್ ತೆಗೆದ ಪ್ರಕರಣ ಮಾತ್ರ ಗಂಭೀರವಾದದ್ದು. ಆ ಸ್ಯಾಂಪಲ್ ರದ್ದು. ಅದನ್ನು ತೆಗೆದವರಿಗೆ ಲಿಖಿತ ಎಚ್ಚರಿಕೆ.

"ಅರವತ್ತೇಳು ರದ್ದಾ?" ಎಂದು ಕೇಳಿದಳು ಇರ್ಮೆಲಿ.

ವೆರ್ನೆರಿ ಅವಳ ಮುಖ ನೋಡಲಿಲ್ಲ. "ಅದೊಂದೇ ಸರಿಯಾದ ಅಂಕ ಅಂತ ನನಗೂ ಗೊತ್ತು. ಆದ್ರೆ ಅದನ್ನ ಒಪ್ಪಿದ್ರೆ ಸುಳ್ಳು ಕಾರಣ ಬರೆದದ್ದನ್ನೂ ಒಪ್ಪಿದ ಹಾಗಾಗತ್ತೆ ಅಂದ್ರು."

"ತಜ್ಞರು ಯಾವಾಗ ನೋಡ್ತಾರೆ?"

"ಜುಲೈ ರಜ. ಆಮೇಲೆ ಮುನ್ನೂರ ಎಂಬತ್ತು ಜನ ಇದಾರೆ ಸಾಲಲ್ಲಿ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಸೈಮಿಯ ಹೆಸರಿನ ಮುಂದೆ ನವೆಂಬರ್ ಇಪ್ಪತ್ತು ಎಂದಿತ್ತು. ಸಮಯ, ಮಧ್ಯಾಹ್ನ ಒಂದು ಮುಕ್ಕಾಲು.

ಜುಲೈ ಕೊನೆಯ ಗುರುವಾರ ಇರ್ಮೆಲಿ ಹೊಂಕಲಂಪಿಗೆ ಕಾರು ಓಡಿಸಿಕೊಂಡು ಹೋದಳು. ಸೈಮಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಳದಲ್ಲಿ ಟ್ಯಾಕ್ಸಿ ತೊಳೆದು ನಿಲ್ಲಿಸಿತ್ತು; ಯಾರ ಕೈಲಿ ತೊಳೆಸಿದಳೋ. ಮಡಿಲಲ್ಲಿ ಆಸ್ಪತ್ರೆಯಿಂದ ಬಂದ ದಪ್ಪ ಲಕೋಟೆ.

"ನನ್ನ ರಕ್ತದ ಜಾತಕ ತರಿಸ್ಕೊಂಡೆ," ಎಂದಳು. "ಕೇಳಿದ್ರೆ ಕೊಡ್ತಾರೆ, ಕಾನೂನಿದೆಯಂತೆ. ಯಾರು ತೆಗೆದ್ರು, ಎಷ್ಟು ಹೊತ್ತಿಗೆ, ಎಲ್ಲ ಬರೆದಿದಾರೆ ಪಾಪ."

ಇರ್ಮೆಲಿ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಫೆಬ್ರವರಿ ಒಂಬತ್ತು. ಒಂದು ಐವತ್ತೆರಡು. ಇಪ್ಪತ್ತೈದು ನಿಮಿಷ. ಮುಂದೆ ನಿನ್ನ ಹೆಸರು." ಸೈಮಿಯ ದನಿ ಏರಲಿಲ್ಲ. "ನನಗೆ ಆ ದಿನ ಚೆನ್ನಾಗಿ ನೆನಪಿದೆ. ‘ಸ್ವಲ್ಪ ಕೂತಿರು, ಕಾಫಿ ಕುಡ್ಕೊಂಡು ಬರ್ತೀನಿ’ ಅಂದೆ. ವಾಪಸ್ ಬರುವಾಗ ಕರವಸ್ತ್ರದಲ್ಲಿ ಸುತ್ತಿ ಒಂದು ಬನ್ ತಂದ್ಕೊಟ್ಟೆ. ಬಸ್ಸಲ್ಲಿ ತಿಂದೆ. ಬಿಸಿ ಇತ್ತು ಇನ್ನೂ."

"ಸೈಮಿ..."

"ಸೌನಾದಲ್ಲಿ ಕೇಳಿದೆ ನಿನ್ನ. ‘ಇರುತ್ತೆ’ ಅಂದೆ. ಅಷ್ಟೇ ಅಂದೆ."

"ಮೊದಲು ಸರಿ ಮಾಡಿ ಆಮೇಲೆ ಹೇಳೋಣ ಅಂದ್ಕೊಂಡೆ."

"ಮಾಡಿದೆಯಲ್ಲ. ನಮ್ಮೂರ ಮೇಲೆ ಒಂದು ಟಿಪ್ಪಣಿ ಅಂಟಿಸಿದಾರೆ. ಇನ್ನು ಮೇಲೆ ನಮ್ಮ ರಕ್ತ ಬೇಡವಂತೆ." ಅವಳು ನಕ್ಕಳು, ಅದು ನಗುವಿನ ಹಾಗಿರಲಿಲ್ಲ. "ಪಕ್ಕದ ಮನೆ ಮುದುಕಿ ಕೇಳ್ತಿದ್ಲು, ನಮಗೇನು ಅಂಟುರೋಗ ಬಂದಿದೆಯಾ ಅಂತ."

ಕೆರೆಯ ಕಡೆಯಿಂದ ಸೊಳ್ಳೆಗಳು ಬರುತ್ತಿದ್ದವು. ಇಬ್ಬರೂ ಓಡಿಸಲಿಲ್ಲ. ಸೈಮಿ ಜೇಬಿಗೆ ಅಂಗೈ ತೂರಿಸಿ, ಕೀಲಿಗಳ ಗೊಂಚಲನ್ನು ಒತ್ತಿ ಹಿಡಿದು ಹೊರಗೆ ಎಳೆದಳು. ಮನೆಯದು, ಸೌನಾದ್ದು, ದೋಣಿಯದು, ಟ್ಯಾಕ್ಸಿಯದು, ಎಲ್ಲ ಒಂದೇ ಬಿಗಿಯಾದ ಉಕ್ಕಿನ ಬಳೆಯಲ್ಲಿ.

"ನಾಲ್ಕು ಗಂಟೆಗೆ ಕುನ್ನಾಸ್ ಬರ್ತಾನೆ. ಬೆಳಗಿಂದ ನೋಡ್ತಿದೀನಿ, ಟ್ಯಾಕ್ಸಿ ಕೀಲಿ ಬಿಚ್ಚೋಕೆ ಆಗ್ತಿಲ್ಲ. ಅವನ ಕೈಲಿ ಬಿಚ್ಚಿಸೋಕೆ ಮನಸ್ಸಿಲ್ಲ." ಗೊಂಚಲನ್ನು ಅಕ್ಕನ ಮಡಿಲಿಗೆ ಹಾಕಿದಳು. "ನೀನು ಬಿಚ್ಚು."

ಇರ್ಮೆಲಿ ಬಳೆಯ ಸಂದಿಗೆ ಉಗುರು ತೂರಿಸಿದಳು. ದಿನಕ್ಕೆ ಅರವತ್ತು ಜನರ ನರ ಹುಡುಕುವ ಬೆರಳುಗಳವು. ಉಗುರು ಸೀಳಿತು. ಕೀಲಿಯನ್ನು ಸುತ್ತು ಸುತ್ತು ತಿರುಗಿಸುತ್ತಾ ಬಳೆಯಿಂದ ಹೊರಕ್ಕೆ ಎಳೆಯುವಾಗ ಅವಳಿಗೆ ತಂಗಿಯ ಕಣ್ಣು ತನ್ನ ಮುಖದ ಮೇಲಿಲ್ಲ, ತನ್ನ ಬೆರಳುಗಳ ಮೇಲಿದೆ ಎಂದು ಗೊತ್ತಾಗುತ್ತಿತ್ತು.

ಕೀಲಿ ಬಿಡಿಯಾಗಿ ಬಂತು. ಸೈಮಿ ಅದನ್ನು ಎರಡು ಅಂಗೈಗಳ ನಡುವೆ ತೆಗೆದುಕೊಂಡಳು.

"ಇನ್ನು ಹೊರಡು," ಎಂದಳು. "ಅವನು ಬರೋ ಹೊತ್ತಿಗೆ ನೀನಿಲ್ಲಿ ಇರ್ಬೇಡ. ನಾನು ಒಬ್ಬಳೇ ಕೊಡ್ತೀನಿ."